ಏರು ಹತ್ತಲು ಎಷ್ಟು ಹಲ್ಲು ಬೇಕು?

ದಿಬ್ಬ ಎದುರಾದರೆ ಸೈಕಲ್ಲಿನಿಂದ ಇಳಿದು ತಳ್ಳಿಕೊಂಡು ಹೋಗುವುದು ನಮ್ಮಲ್ಲಿ ಯಾರಿಗೂ ಅವಮಾನ ಎನಿಸಿದ್ದಿಲ್ಲ. ಹಿಂದೆ ಹಾಲಿನ ಕ್ಯಾನು ಕಟ್ಟಿದ್ದರಂತೂ ಬೇರೆ ದಾರಿಯೇ ಇಲ್ಲ. ಆದರೆ ರೇಸ್ ಸೈಕಲ್ಲಿನ ಲೋಕ ಬೇರೆ. ಹಗುರವಾದ ಗೇರು ಬಳಸುವವನು ಗಂಡಸೇ ಅಲ್ಲ ಎಂಬ ಧೋರಣೆ ಅಲ್ಲಿ ಬಹುಕಾಲ ಬಾಳಿತು. ಅದಕ್ಕೆ ಬೆಲೆ ತೆತ್ತದ್ದು ಸವಾರರ ಮಂಡಿಗಳು.

ಗೇರಿನ ಲೆಕ್ಕ ಸರಳ. ಪೆಡಲಿನ ಬಳಿಯ ಚಕ್ರಕ್ಕೆ 42 ಹಲ್ಲು, ಹಿಂದಿನ ಚಕ್ರಕ್ಕೆ 21 ಹಲ್ಲು ಇದ್ದರೆ ಪೆಡಲು ಒಂದು ಸುತ್ತು ತಿರುಗಿದಾಗ ಗಾಲಿ ಎರಡು ಸುತ್ತು ತಿರುಗುತ್ತದೆ; ಸೈಕಲ್ಲು ಸುಮಾರು 4.2 ಮೀಟರ್ ಮುಂದೆ ಹೋಗುತ್ತದೆ. ಮುಂದಿನ ಚಕ್ರ ಚಿಕ್ಕದಾದರೆ ಒಂದು ಸುತ್ತಿಗೆ ಸಾಗುವ ದೂರ ಕಡಿಮೆ, ತುಳಿಯುವ ಭಾರವೂ ಕಡಿಮೆ. ಬೆಟ್ಟವೇನೂ ತಗ್ಗುವುದಿಲ್ಲ. ಅದೇ ದುಡಿಮೆಯನ್ನು ಹೆಚ್ಚು ತುಳಿತಗಳಿಗೆ ಹಂಚಿಕೊಂಡಂತೆ, ಅಷ್ಟೆ.

ಇದನ್ನು ಎಲ್ಲರಿಗಿಂತ ಹೆಚ್ಚು ಹಟದಿಂದ ಸಾರಿದವನು ಫ್ರಾನ್ಸಿನ ಪಾಲ್ ದ ವಿವಿ. 'ವೆಲೋಸಿಯೊ' ಎಂಬ ಹೆಸರಿನಿಂದ ಬರೆಯುತ್ತಿದ್ದ ಈತ ರೇಷ್ಮೆ ವ್ಯಾಪಾರ ಬಿಟ್ಟು ಸಾಂತೆತಿಯೆನ್ ಪಟ್ಟಣದಲ್ಲಿ ಸೈಕಲ್ ಅಂಗಡಿ ತೆರೆದ. 1887ರಲ್ಲಿ ಪತ್ರಿಕೆಯನ್ನೂ ಆರಂಭಿಸಿದ. ಪಟ್ಟಣದ ಪಕ್ಕದಲ್ಲೇ 1,161 ಮೀಟರ್ ಎತ್ತರದ ಕಣಿವೆ ದಾರಿ. ಅದನ್ನು ಹತ್ತಿ ಹತ್ತಿಯೇ ಆತನಿಗೆ ಬಹು ಗೇರುಗಳ ಹುಚ್ಚು ಹಿಡಿಯಿತು. ಆರಂಭದಲ್ಲಿ ಮುಂದೆ ಎರಡು ಚಕ್ರ. ಚೈನನ್ನು ಒಂದರಿಂದ ಇನ್ನೊಂದಕ್ಕೆ ಕೈಯಿಂದಲೇ ಎತ್ತಿ ಹಾಕಬೇಕಿತ್ತು.

1902ರಲ್ಲಿ ಪೈರಿನೀಸ್ ಪರ್ವತಗಳಲ್ಲಿ ಪ್ರವಾಸಿ ಕ್ಲಬ್ಬೊಂದು ನಡೆಸಿದ ಸ್ಪರ್ಧೆಯಲ್ಲಿ ಮಾರ್ತ್ ಎಸ್ ಎಂಬ ಮಹಿಳೆ ಮೂರು ಗೇರಿನ ಸೈಕಲ್ಲು ತುಳಿದು ಎಲ್ಲರ ಮೆಚ್ಚುಗೆ ಗಳಿಸಿದಳು. ಮೆಚ್ಚದವರೂ ಇದ್ದರು. ಮರುವರ್ಷ ಟೂರ್ ದ ಫ್ರಾನ್ಸ್ ಆರಂಭಿಸಲಿದ್ದ ಪತ್ರಿಕಾ ಸಂಪಾದಕ ಆನ್ರಿ ದೆಗ್ರಾಂಜ್, ಗೇರು ಬದಲಿಸುವ ಸಾಧನವೆಲ್ಲ ನಲವತ್ತೈದು ದಾಟಿದವರಿಗೆ, ಗೆಲುವು ಸ್ನಾಯುಬಲದಿಂದ ಬರಬೇಕೇ ವಿನಾ ಯಂತ್ರದಿಂದಲ್ಲ ಎಂಬ ಅರ್ಥದಲ್ಲಿ ಬರೆದ. ಮುಂದೆ ತನ್ನ ಟೂರ್‌ನಲ್ಲಿ ತಂಡಗಳ ಸವಾರರಿಗೆ ಚೈನು ಬದಲಿಸುವ 'ಡಿರೇಲರ್' ನಿಷೇಧಿಸಿದ. ಸೈಕಲ್ಲೇ ಒಂದು ಯಂತ್ರವೆಂಬುದು ಆತನಿಗೆ ಹೊಳೆಯಲಿಲ್ಲವೆ?

ಹೀಗಾಗಿ ಹಿಂದಿನ ಗಾಲಿಯ ಎರಡೂ ಬದಿಗೆ ಬೇರೆ ಬೇರೆ ಹಲ್ಲಿನ ಚಕ್ರ ಜೋಡಿಸಿಕೊಳ್ಳುವ ಉಪಾಯ ಬಂತು. ಬೆಟ್ಟದ ಬುಡದಲ್ಲಿ ಇಳಿದು, ಗಾಲಿ ಕಳಚಿ, ತಿರುಗಿಸಿ ಹಾಕಿ ಮತ್ತೆ ಹತ್ತಬೇಕು. 1910ರಲ್ಲಿ ಟೂರ್ ಮೊದಲ ಬಾರಿ 2,115 ಮೀಟರ್ ಎತ್ತರದ ಟೂರ್ಮಲೆ ಏರಿದಾಗ ಆಕ್ಟಾವ್ ಲಾಪೀಜ್ ಕೆಲವು ದೂರ ಸೈಕಲ್ ತಳ್ಳಿಕೊಂಡು ನಡೆದೂ ಮೊದಲಿಗನಾಗಿ ತುದಿ ತಲುಪಿದ. ಆ ವರ್ಷದ ಟೂರ್ ಗೆದ್ದವನೂ ಅವನೇ. ಇಳಿಯದೆ ಪೂರ್ತಿ ತುಳಿದ ಗುಸ್ತಾವ್ ಗಾರಿಗು ಎರಡನೆಯವನಾಗಿ ಬಂದ. ಅವನಿಗೆ ಸಿಕ್ಕಿದ್ದು 100 ಫ್ರಾಂಕ್ ವಿಶೇಷ ಬಹುಮಾನ.

1936ರಲ್ಲಿ ಅನಾರೋಗ್ಯದಿಂದ ದೆಗ್ರಾಂಜ್ ಹಿಂದೆ ಸರಿದ. ಮರುವರ್ಷವೇ ನಿಷೇಧ ಹೋಯಿತು. 1937ರ ಟೂರನ್ನು ರೋಜೆ ಲಾಪೆಬಿ ಡಿರೇಲರ್ ಬಳಸಿ ಗೆದ್ದ. ವೆಲೋಸಿಯೊ ಇದನ್ನು ನೋಡಲಿಲ್ಲ. 1930ರಲ್ಲಿ ಟ್ರ್ಯಾಮು ಬಡಿದು ಆತ ತೀರಿಕೊಂಡಿದ್ದ.

ಆದರೂ ಹಳೆಯ ಜಂಬ ಮುಂದಿನ ಚಕ್ರದಲ್ಲಿ ಉಳಿದುಕೊಂಡಿತು. ಸಾಂತೆತಿಯೆನ್‌ನ ಸ್ಟ್ರಾಂಗ್‌ಲೈಟ್ ಕಂಪೆನಿ ಪ್ರವಾಸಿಗರಿಗಾಗಿ ಚಿಕ್ಕ ಚಕ್ರದ ಕ್ರ್ಯಾಂಕ್ ಮಾಡುತ್ತಿತ್ತು. ರೇಸಿನವರು ಅದರತ್ತ ತಿರುಗಿ ನೋಡಲಿಲ್ಲ. ಇಟಲಿಯ ಕಂಪಾನ್ಯೋಲೊ ಕ್ರ್ಯಾಂಕಿನಲ್ಲಿ ಬೋಲ್ಟುಗಳು 144 ಮಿ.ಮೀ. ವೃತ್ತದಲ್ಲಿ ಇರುತ್ತಿದ್ದುದರಿಂದ 41 ಹಲ್ಲಿಗಿಂತ ಚಿಕ್ಕ ಚಕ್ರ ಅದರಲ್ಲಿ ಕೂರುತ್ತಲೇ ಇರಲಿಲ್ಲ. ಆಮೇಲೆ 130 ಮಿ.ಮೀ. ವೃತ್ತ, 53 ಮತ್ತು 39 ಹಲ್ಲಿನ ಜೋಡಿ ರೂಢಿಗೆ ಬಂತು. ಮನೆ, ಕೆಲಸದ ನಡುವೆ ಭಾನುವಾರ ನಂದಿಬೆಟ್ಟ ಹತ್ತುವವರಿಗೆ ಇದೂ ಭಾರವೇ.

110 ಮಿ.ಮೀ. ವೃತ್ತದ 'ಕಾಂಪ್ಯಾಕ್ಟ್' ಕ್ರ್ಯಾಂಕ್ 50 ಮತ್ತು 34 ಹಲ್ಲಿನ ಜೋಡಿಯನ್ನು ತಂದಿತು. 2003ರ ಟೂರ್‌ನ ಆರಂಭದಲ್ಲೇ ಕಾಲರ್ ಬೋನ್ ಬಿರುಕುಬಿಟ್ಟ ಅಮೆರಿಕದ ಟೈಲರ್ ಹ್ಯಾಮಿಲ್ಟನ್ ಇಂಥದ್ದನ್ನು ಬಳಸಿ, ಒಂದು ಹಂತ ಗೆದ್ದು ನಾಲ್ಕನೆಯವನಾದಾಗ ಇದು ಮುದುಕರ ಸಾಮಾನು ಎಂಬ ಮಾತು ತಣ್ಣಗಾಯಿತು. (ಆತ ಉದ್ದೀಪನ ಮದ್ದು ಬಳಸಿದ್ದಾಗಿ 2011ರಲ್ಲಿ ಒಪ್ಪಿಕೊಂಡ, ಆ ಸಾಧನೆಗೆ ಮಸಿ ಹತ್ತಿದೆ, ಕ್ರ್ಯಾಂಕಿಗಲ್ಲ.)

ಹಿಂದೆ 25 ಹಲ್ಲಿನ ಚಕ್ರವಿದ್ದಾಗ ಮುಂದಿನ 39ರ ಬದಲು 34 ಹಾಕಿದರೆ ಒಂದು ಸುತ್ತಿಗೆ ಸಾಗುವ ದೂರ ಸುಮಾರು 3.3 ಮೀಟರಿನಿಂದ 2.9ಕ್ಕೆ ಇಳಿಯುತ್ತದೆ. ಹಳೆಯ ಸೈಕಲ್ಲಿಗೆ ಇದನ್ನು ಹಾಕಿಸುವವರು ಅಚ್ಚಿನ ಬೇರಿಂಗು ಹೊಸ ಕ್ರ್ಯಾಂಕಿಗೆ ಹೊಂದುತ್ತದೆಯೇ ಎಂದು ಮೊದಲು ನೋಡಬೇಕು. 53ರ ಜಾಗದಲ್ಲಿ 50 ಹಲ್ಲಿನ ಚಕ್ರ ಬಂದರೆ ಅದರ ಅಂಚು ಸುಮಾರು 6 ಮಿ.ಮೀ. ತಗ್ಗುತ್ತದೆ, ಮುಂದಿನ ಡಿರೇಲರನ್ನೂ ಅಷ್ಟೇ ಕೆಳಗಿಳಿಸದಿದ್ದರೆ ಚೈನು ಜಾರುತ್ತದೆ.