ಇಂಗ್ಲೆಂಡಿನ ಕಾಲುದಾರಿಗಳ ಹಕ್ಕು

ಒಮ್ಮೆ ಸಾರ್ವಜನಿಕ ಮಾರ್ಗವಾದುದು ಎಂದೆಂದಿಗೂ ಸಾರ್ವಜನಿಕ ಮಾರ್ಗವೇ ಎಂಬ ಸೂತ್ರವೊಂದು ಇಂಗ್ಲೆಂಡಿನ ನ್ಯಾಯಪದ್ಧತಿಯಲ್ಲಿ ಬಹುಕಾಲದಿಂದ ನಡೆದುಬಂದಿದೆ. ಹೊಲದ ನಡುವೆ ಹಾದುಹೋಗುವ ಗೇಣಗಲದ ಕಾಲುದಾರಿಯಾದರೂ ಸರಿಯೆ, ಅಲ್ಲಿ ನಡೆಯುವ ಹಕ್ಕು ಹೆದ್ದಾರಿಯಲ್ಲಿ ನಡೆಯುವ ಹಕ್ಕಿಗೆ ಸಮಾನವಾದುದು; ನೆಲ ಯಾರದಾದರೂ ಆಗಿರಲಿ, ಹೆಜ್ಜೆಯಿಡುವ ಅಧಿಕಾರ ಎಲ್ಲರದು. ಆದರೆ ಆ ಹಕ್ಕು ಉಂಟೆಂದು ತೋರಿಸುವುದು ಹೇಗೆ? ಊರ ಹಿರಿಯರ ನೆನಪೇ ಅನೇಕ ಕಡೆ ಅದಕ್ಕಿದ್ದ ಮುಖ್ಯ ಆಧಾರ. ನೆನಪನ್ನು ನಂಬಿದ ಹಕ್ಕು ಸಿರಿವಂತನ ವಕೀಲನೆದುರು ಎಷ್ಟು ಹೊತ್ತು ನಿಲ್ಲಬಲ್ಲುದು!

ಹದಿನೆಂಟನೆಯ ಶತಮಾನದ ಮಧ್ಯದಿಂದ ಒಂದು ನೂರು ವರ್ಷಗಳ ಕಾಲ ಪಾರ್ಲಿಮೆಂಟು ಸಾವಿರಾರು ಆವರಣ ಶಾಸನಗಳನ್ನು ಮಾಡಿ, ಗೋಮಾಳಗಳನ್ನು ಹೋಲುವ ಸಾಮುದಾಯಿಕ ಭೂಮಿಗಳಿಗೆ ಬೇಲಿ ಹಾಕಲು ಒಪ್ಪಿಗೆಯಿತ್ತಿತು. 1815ರ ಶಾಸನವೊಂದರಂತೆ ಇಬ್ಬರು ಮ್ಯಾಜಿಸ್ಟ್ರೇಟರು ಕೂಡಿ, ಅನಾವಶ್ಯಕವೆಂದು ಕಂಡ ಕಾಲುದಾರಿಯನ್ನು ಮುಚ್ಚಿಸಬಹುದಾಗಿತ್ತು. ಆ ಮ್ಯಾಜಿಸ್ಟ್ರೇಟರಾದರೋ ಬಹುಮಟ್ಟಿಗೆ ನೆರೆಯ ಜಮೀನುದಾರರೇ. ಯಾರಿಗೆ ಅನಾವಶ್ಯಕವೆಂದು ಅವರನ್ನು ಕೇಳುವವರು ವಿರಳರಾಗಿದ್ದರು. ಮ್ಯಾಂಚೆಸ್ಟರಿನಲ್ಲಿ 1826ರಷ್ಟು ಹಿಂದೆಯೇ ಪ್ರಾಚೀನ ಕಾಲುದಾರಿಗಳ ರಕ್ಷಣೆಗಾಗಿ ಒಂದು ಸಂಘವು ಹುಟ್ಟಿದುದು ಆಶ್ಚರ್ಯವಲ್ಲ.

ವಾರವೆಲ್ಲ ಗಿರಣಿಯಲ್ಲಿ ದುಡಿದವರಿಗೆ ಭಾನುವಾರದ ಗಾಳಿಯೆಂದರೆ ಊರ ಹಿಂದಣ ಗುಡ್ಡಗಳು. ಅವುಗಳಾದರೋ ಬಹುಪಾಲು ಗ್ರೌಸ್ ಎಂಬ ಹಕ್ಕಿಯ ಬೇಟೆಗಾಗಿ ಮೀಸಲಾಗಿದ್ದುವು. 1896ರಲ್ಲಿ ಬೋಲ್ಟನ್ ಪಟ್ಟಣದ ಬಳಿಯ ವಿಂಟರ್ ಹಿಲ್ ಗುಡ್ಡದ ದಾರಿಗೆ ಜಮೀನುದಾರನು ಅಡ್ಡಿಯೊಡ್ಡಲು, ಸುಮಾರು ಹತ್ತು ಸಾವಿರ ಜನರು ಮೆರವಣಿಗೆಯಾಗಿ ಅದರಲ್ಲಿ ನಡೆದರು. ಮರು ವರ್ಷ ನ್ಯಾಯಾಲಯದಲ್ಲಿ ತೀರ್ಪು ಜಮೀನುದಾರನ ಕಡೆಗಾಯಿತು.

1932ರ ಏಪ್ರಿಲ್ 24ರಂದು ನಡೆದ ಕಿಂಡರ್ ಸ್ಕೌಟ್ ಪ್ರಸಂಗವು ಇದಕ್ಕಿಂತ ಹೆಚ್ಚು ಪ್ರಸಿದ್ಧವಾದುದು. ಬೆನ್ನಿ ರಾತ್‌ಮನ್ ಎಂಬ ಇಪ್ಪತ್ತು ವರ್ಷದ ತರುಣನ ಮುಂದಾಳುತನದಲ್ಲಿ ಕೆಲವು ನೂರು ಮಂದಿ ನಿಷಿದ್ಧವಾದ ಗುಡ್ಡವನ್ನು ಹತ್ತಿದರು. ಬೇಟೆಗಾವಲಿನವರೊಡನೆ ಕೈಕೈ ಹತ್ತಿತು. ಪರರ ನೆಲವನ್ನು ಮೆಟ್ಟುವುದು ಅಪರಾಧವಾಗಿರಲಿಲ್ಲ. ಆದುದರಿಂದ ದೊಂಬಿ ಮೊದಲಾದ ಆರೋಪಗಳನ್ನು ಹೊರಿಸಿ, ಐವರಿಗೆ ಎರಡರಿಂದ ಆರು ತಿಂಗಳವರೆಗೆ ಸೆರೆಮನೆಯನ್ನು ವಿಧಿಸಲಾಯಿತು. ರಾತ್‌ಮನ್ನನ ಪಾಲಿಗೆ ಬಂದುದು ನಾಲ್ಕು ತಿಂಗಳು. ನಡಿಗೆಗಾರರ ಹಳೆಯ ಸಂಘಗಳೇ ಈ ಸಾಹಸವನ್ನು ಮೆಚ್ಚಲಿಲ್ಲವೆಂಬುದು ಈಗ ಬಹಳ ಮಂದಿಗೆ ಮರೆತುಹೋಗಿದೆ. ಅದೇ ವರ್ಷ ಸದ್ದಿಲ್ಲದೆ ಹೊರಬಂದ ಇನ್ನೊಂದು ಶಾಸನಕ್ಕೆ ಹಾಡೂ ಇಲ್ಲ, ಸ್ಮಾರಕವೂ ಇಲ್ಲ. ಇಪ್ಪತ್ತು ವರ್ಷ ಅಡ್ಡಿಯಿಲ್ಲದೆ, ಯಾರ ಅಪ್ಪಣೆಯನ್ನೂ ಬೇಡದೆ ಜನರು ನಡೆದ ದಾರಿಯನ್ನು, ಒಡೆಯನು ಬೇರೆ ಉದ್ದೇಶವನ್ನು ಸಿದ್ಧಪಡಿಸದ ಹೊರತು, ಸಾರ್ವಜನಿಕವೆಂದೇ ಭಾವಿಸಬೇಕೆಂದು ಅದು ವಿಧಿಸಿತು. ನಡೆದ ಕಾಲೇ ಹಕ್ಕಿಗೆ ಪ್ರಮಾಣವಾಯಿತು.

ಯುದ್ಧಾನಂತರ ಬಂದ 1949ರ ರಾಷ್ಟ್ರೀಯ ಉದ್ಯಾನ ಶಾಸನವನ್ನು ಸುಂದರ ಪ್ರದೇಶಗಳ ರಕ್ಷಣೆಗಾಗಿ ಹೊಗಳುವುದು ವಾಡಿಕೆ. ಆದರೆ ಅದರ ಅತ್ಯಂತ ಶ್ರಮಸಾಧ್ಯವಾದ ಭಾಗ ಬೇರೆ. ಪ್ರತಿಯೊಂದು ಕೌಂಟಿಯ ಆಡಳಿತವೂ ತನ್ನ ಎಲ್ಲೆಯೊಳಗಣ ಕಾಲುದಾರಿಗಳನ್ನೆಲ್ಲ ಅಳೆದು ನಕ್ಷೆಯಲ್ಲಿ ಗುರುತಿಸಬೇಕೆಂದು ಅದು ವಿಧಿಸಿತು. ಕೆಲಸ ಬಿದ್ದುದು ಹಳ್ಳಿಗಳ ಮೇಲೆ. ಪ್ಯಾರಿಷ್ ಸಭೆಗಳ ಸದಸ್ಯರೂ ಸ್ವಯಂಸೇವಕರೂ ನಕ್ಷೆಯ ಹಾಳೆಯನ್ನು ಹಿಡಿದು ಬೇಲಿ ಬೇಲಿ ಸುತ್ತಿ, ಇಲ್ಲಿ ಹತ್ತುಮೆಟ್ಟಿಲು, ಇಲ್ಲಿ ಕಾಲುಸಂಕ, ಇಲ್ಲಿ ದಾರಿಯನ್ನು ಉತ್ತುಬಿಟ್ಟಿದ್ದಾರೆ ಎಂದು ಬರೆದುಕೊಂಡರು. ಕರಡು ನಕ್ಷೆ ಪ್ರಕಟವಾದ ಮೇಲೆ ಜಮೀನುದಾರರ ಆಕ್ಷೇಪಣೆಗಳ ವಿಚಾರಣೆ. ಬಳಿಕ ನಿರ್ಣಾಯಕ ನಕ್ಷೆ. ಅದರಲ್ಲಿ ಕಂಡ ದಾರಿಗೆ ಬೇರೆ ಸಾಕ್ಷಿ ಬೇಡ. ಶ್ರದ್ಧೆಯುಳ್ಳ ಹಳ್ಳಿಗಳಲ್ಲಿ ಹೆಣೆದ ಬಲೆಯಂತೆ ದಾರಿಗಳು ದಾಖಲಾದುವು. ಉದಾಸೀನರಾದವರ ಊರಲ್ಲಿ, ಅಥವಾ ಜಮೀನುದಾರನೇ ಸಭಾಧ್ಯಕ್ಷನಾಗಿದ್ದ ಊರಲ್ಲಿ, ಎಷ್ಟೋ ಬಿಟ್ಟುಹೋದುವು. ಹೀಗಿದ್ದರೂ ಇಂಗ್ಲೆಂಡು ಮತ್ತು ವೇಲ್ಸ್‌ಗಳಲ್ಲಿ ಸುಮಾರು 2,20,000 ಕಿಲೋಮೀಟರು ದಾರಿಗಳು ಇಂದು ದಾಖಲೆಯಲ್ಲಿವೆ. ಟಾಮ್ ಸ್ಟೀಫನ್‌ಸನ್ 1935ರ ಪತ್ರಿಕಾಲೇಖನವೊಂದರಲ್ಲಿ ಕನಸಿದ ಪೆನೈನ್ ಮಾರ್ಗವು 1965ರಲ್ಲಿ ತೆರೆದುದೂ ಈ ಶಾಸನದ ಫಲವೇ.

2000ದ ಶಾಸನವು ಬೆಟ್ಟ, ಬೀಳುಭೂಮಿಗಳಲ್ಲಿ ದಾರಿಯ ಹಂಗಿಲ್ಲದೆ ತಿರುಗಾಡುವ ಹಕ್ಕನ್ನು ಕೊಟ್ಟಿತು. ಎರಡು ವರ್ಷಗಳ ತರುವಾಯ ಕಿಂಡರ್ ಪ್ರಸಂಗದ ಎಪ್ಪತ್ತನೆಯ ವರ್ಷಾಚರಣೆಯಲ್ಲಿ, ಡೆವನ್‌ಷೈರಿನ ಡ್ಯೂಕರು ತಮ್ಮ ಅಜ್ಜನ ಕಾಲದಲ್ಲಿ ನಡೆದುದಕ್ಕಾಗಿ ಬಹಿರಂಗವಾಗಿ ಕ್ಷಮೆ ಕೋರಿದರು. ರಾತ್‌ಮನ್ ಆ ವರ್ಷದ ಆರಂಭದಲ್ಲಿಯೇ ತೀರಿಕೊಂಡಿದ್ದನು. ಆದರೆ ಒಂದು ಕೈಯಲ್ಲಿ ಕೊಟ್ಟ ಅದೇ ಶಾಸನ ಇನ್ನೊಂದು ಕೈಯಲ್ಲಿ ಒಂದು ಗಡುವನ್ನೂ ಇಟ್ಟಿತು: 1949ಕ್ಕೆ ಮುಂಚಿನ ದಾರಿಗಳಲ್ಲಿ 2026ರ ಜನವರಿ 1ರೊಳಗೆ ನಕ್ಷೆಗೇರದವು, ಕೆಲವನ್ನು ಬಿಟ್ಟು, ಹಕ್ಕನ್ನೇ ಕಳೆದುಕೊಳ್ಳತಕ್ಕವು. ಈ ಅವಧಿಯನ್ನು ಬಳಿಕ 2031ಕ್ಕೆ ಮುಂದೂಡಲಾಯಿತು; 2024ರ ಡಿಸೆಂಬರಿನಲ್ಲಿ ಸರ್ಕಾರವು ಗಡುವನ್ನೇ ತೆಗೆದುಹಾಕುವ ಇಂಗಿತವನ್ನು ಪ್ರಕಟಿಸಿತು. ಈ ನಡುವೆ ಊರೂರಿನ ಸ್ವಯಂಸೇವಕರು ದಫ್ತರಖಾನೆಗಳಲ್ಲಿ ಕುಳಿತು, ಬಿಟ್ಟುಹೋದ ದಾರಿಗಳಿಗೆ ಪುರಾವೆಯನ್ನು ಹುಡುಕತೊಡಗಿದರು. ಅವರಿಗೆ ಹೆಚ್ಚು ನೆರವಾದ ಕಾಗದಗಳಲ್ಲಿ ಒಂದು ಬಗೆಯವು, ಹಿಂದೆ ಹೊಲಗಳಿಗೆ ಬೇಲಿ ಹಾಕಿಸಿದ ಆವರಣ ತೀರ್ಪುಗಳೇ. ಬೇಲಿ ಹಾಕುವಾಗ ಯಾವ ದಾರಿಯನ್ನು ಬಿಡಬೇಕೆಂದು ಕಮಿಷನರರು ಅವುಗಳಲ್ಲಿ ಬರೆದಿಟ್ಟಿದ್ದರು.