ಕೆರೆ ಕೆಳಗಿನ ತೋಟಗಳು

ಬೆಂಗಳೂರಿನಲ್ಲಿ ಸೊಪ್ಪು ತರಕಾರಿ ಬೆಳೆಯುತ್ತಿದ್ದ ನೆಲ ಯಾವುದೆಂದು ತಿಳಿಯಲು ಕೆರೆಗಳು ಎಲ್ಲಿದ್ದವು ಎಂದು ಗೊತ್ತಾದರೆ ಸಾಕು. ಕೆರೆ ಕೆಳಗೆ ಬಾವಿ, ಬಾವಿ ಸುತ್ತ ತೋಟ, ತೋಟದ ಅಂಚಿಗೆ ತೋಟಗಾರಿಕೆಯೇ ಕಸುಬಾದ ನಮ್ಮ ತಿಗಳರ ಮನೆ. ಸಂಪಂಗಿ ಕೆರೆಯಿಂದ ಲಾಲ್‌ಬಾಗ್ ಆಚೆಯ ಸಿದ್ದಾಪುರದವರೆಗೆ ಹೀಗೇ ಇತ್ತು.

ನಮ್ಮ ತಾತ ಸಿದ್ದಾಪುರದ ಕಡೆ ತೋಟ ಮಾಡಿದವರು. ದಂಟು, ಮೆಂತ್ಯ, ಸಬ್ಬಸಿಗೆಗೆ ಅಂಗೈಯಗಲದ ಬದು ಕಟ್ಟಿದ ಸಣ್ಣ ಮಡಿಗಳು. ಬದುವಿನ ಮೇಲೆ ಮೂಲಂಗಿ, ಬೇಲಿ ಸಾಲಿಗೆ ಕನಕಾಂಬರ. ನೀರಿಗೆ ಕಪಿಲೆ: ಎತ್ತು ಇಳಿಜಾರಿಗೆ ಇಳಿದಂತೆ ಬಾವಿಯಿಂದ ನೀರು ಮೇಲೇರಿ ಕಾಲುವೆಗೆ ಬೀಳುತ್ತಿತ್ತು. ಗೊಬ್ಬರಕ್ಕೆ ಊರಿನ ಕೊಟ್ಟಿಗೆಗಳ ಸಗಣಿ. ಸಂಜೆ ಸೊಪ್ಪು ಕಿತ್ತು, ಬಾಳೆನಾರಿನಲ್ಲಿ ಕಟ್ಟಿ, ನೀರು ಚಿಮುಕಿಸಿ ಒದ್ದೆ ಗೋಣಿ ಹೊದಿಸಿಟ್ಟರೆ, ಕೋಳಿ ಕೂಗುವ ಹೊತ್ತಿಗೆ ಅಜ್ಜಿ ಮಂಕರಿ ಹೊತ್ತು ಪೇಟೆಗೆ ಹೊರಟಿರುತ್ತಿದ್ದರು.

1809ರಲ್ಲಿ ಬ್ರಿಟಿಷರ ದಂಡು ಬಂದ ಮೇಲೆ ತೋಟಗಳ ಬೆಳೆಯೂ ಬದಲಾಯಿತು. ದೊರೆಗಳ ಅಡುಗೆಮನೆಗೆ ಕೋಸು, ಹೂಕೋಸು, ಬೀಟ್‌ರೂಟ್ ಬೇಕಿತ್ತು. ಹೊಸ ಬೀಜ, ಹೊಸ ಸಸಿ ತರಿಸಿ ಬೆಳೆಸುವ ಕೆಲಸ ಲಾಲ್‌ಬಾಗ್‌ನಲ್ಲಿ ನಡೆಯುತ್ತಿತ್ತು. ಸೀಮೆಬದನೆ ಈ ಊರಿಗೆ ಒಗ್ಗಿದ್ದು ಆ ಕಾಲದಲ್ಲೇ.

ತೋಟಗಳು ಹೋದದ್ದಕ್ಕೆ ಎಲ್ಲರೂ ಸೈಟಿನ ಬೆಲೆಯನ್ನು ದೂರುತ್ತಾರೆ. ಬೆಲೆ ಆಮೇಲಿನ ಮಾತು; ಮೊದಲು ಹೋದದ್ದು ಕೆರೆ. 1896ರಲ್ಲಿ ಹೆಸರಘಟ್ಟದ ನೀರು ಕೊಳಾಯಿಯಲ್ಲಿ ಬಂತು, 1933ರಲ್ಲಿ ತಿಪ್ಪಗೊಂಡನಹಳ್ಳಿಯದು. ಕುಡಿಯುವ ನೀರು ದೂರದಿಂದ ಬರತೊಡಗಿದ ಮೇಲೆ ಊರೊಳಗಿನ ಕೆರೆ ಆಳುವವರ ಕಣ್ಣಿಗೆ ಬರೀ ಸೊಳ್ಳೆ ಸಾಕುವ ಹಳ್ಳವಾಯಿತು, ಇಲ್ಲವೇ ಖಾಲಿ ಜಾಗವಾಯಿತು. ಧರ್ಮಾಂಬುಧಿ ಕೆರೆಯ ಅಂಗಳ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು. ಸಿದ್ದಿಕಟ್ಟೆ ಕೆರೆಯ ಮೇಲೆ ಕೃಷ್ಣರಾಜೇಂದ್ರ ಮಾರುಕಟ್ಟೆ ಎದ್ದಿತು. ತರಕಾರಿ ಮಾರುವ ಜಾಗವೇ ಕೆರೆಯನ್ನು ನುಂಗಿ ಕೂತಿತು. ಸಂಪಂಗಿ ಕೆರೆಯಲ್ಲಿ ಕಂಠೀರವ ಕ್ರೀಡಾಂಗಣ ಬಂತು. ಕೆರೆ ಬತ್ತಿದರೆ ಬಾವಿಯ ಒರತೆ ಇಳಿಯುತ್ತದೆ, ಬಾವಿ ಇಳಿದರೆ ತೋಟಗಾರನ ಕೈ ಸಡಿಲವಾಗುತ್ತದೆ. ಬಡಾವಣೆಗೆ ನೆಲ ಕೇಳುವವರು ಬರುವ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಬೇಡ ಅನ್ನುವ ಶಕ್ತಿ ಉಳಿದಿರಲಿಲ್ಲ.

ಸಂಪಂಗಿ ಕೆರೆ ಪೂರ್ತಿ ಹೋಗಲಿಲ್ಲ. ಒಂದು ಕಲ್ಯಾಣಿಯಷ್ಟು ನೀರನ್ನು ನಮ್ಮ ತಿಗಳರ ಹಬ್ಬವಾದ ಕರಗದ ಪೂಜೆಗಾಗಿ ಬಿಟ್ಟಿದ್ದಾರೆ. ನಮ್ಮವರು ಇವತ್ತಿಗೂ ಆ ನೀರಿಗೆ ಹೋಗಿ ಪೂಜೆ ಮಾಡುತ್ತಾರೆ. ಅದು ಉಳಿದದ್ದಕ್ಕೆ ನನಗೆ ಸಂತೋಷವೇ. ಆದರೆ ದೇವರ ಹೆಸರಿಗೆ ಉಳಿದ ನೀರು ಬದನೆ ಮಡಿಯ ಹೆಸರಿಗೆ ಉಳಿಯಲಿಲ್ಲ ಎಂಬುದನ್ನೂ ಹೇಳಬೇಕು. ಕಸುಬು ಗೊತ್ತಿದ್ದವರಲ್ಲಿ ಕೆಲವರು ಸಿದ್ದಾಪುರದಲ್ಲೇ ನರ್ಸರಿ ಇಟ್ಟು ಫ್ಲ್ಯಾಟಿನ ಬಾಲ್ಕನಿಗೆ ಕುಂಡ ಮಾರಿದರು. ಚೈತ್ರದ ಹುಣ್ಣಿಮೆ ರಾತ್ರಿ ಕರಗ ಹೊತ್ತು ಬರುವ ನಮ್ಮವರನ್ನು ನೋಡಲು ಊರಿಗೆ ಊರೇ ನಿಲ್ಲುತ್ತದೆ. ಬೆಳಗಾದರೆ ಅದೇ ಊರಿನ ಸಾರಿಗೆ ಕೋಲಾರ, ಚಿಕ್ಕಬಳ್ಳಾಪುರದ ಸೊಪ್ಪು ಲಾರಿಯಲ್ಲಿ ಬಂದು ಇಳಿಯಬೇಕು.