ಬಾಗಿಲ ಚೌಕಟ್ಟಿನ ಗೆರೆಗಳು

ಪ್ರತಿ ಯುಗಾದಿಗೂ ಮಕ್ಕಳನ್ನು ನಡುಮನೆಯ ಬಾಗಿಲಿಗೆ ಒರಗಿಸಿ ನಿಲ್ಲಿಸಿ, ಚೌಕಟ್ಟಿನ ಮೇಲೆ ಪೆನ್ಸಿಲಿನಿಂದ ಗೆರೆ ಎಳೆಯುವುದು ನಮ್ಮ ತಂದೆಯ ಕಾಲದ ರೂಢಿ. ತಂಗಿಯ ಮಗಳಿಗೆ ಒಂಬತ್ತು ತುಂಬಿದ ವರ್ಷ, ಅವಳ ಹೊಸ ಗೆರೆಗೂ ಹಳೆಯದಕ್ಕೂ ನಡುವೆ ಎರಡು ಬೆರಳಿನ ಜಾಗವೂ ಇರಲಿಲ್ಲ. "ಹೆಣ್ಣುಹುಡುಗಿ ಗಿಡ್ಡಗಿದ್ದರೇನಂತೆ, ಗಂಡು ಹುಡುಕೋದು ಸುಲಭ" ಎಂದರು ಅಮ್ಮ. ಮೊಮ್ಮಗನಾಗಿದ್ದರೆ ಆ ಮಾತು ಅವರ ಬಾಯಲ್ಲಿ ಬರುತ್ತಿರಲಿಲ್ಲ.

ಕಡೆಗೂ ಬೆಂಗಳೂರಿಗೆ ಕರೆದುಕೊಂಡು ಹೋದೆವು. ಮೊದಲು ಬೇರೆ ರಕ್ತಪರೀಕ್ಷೆಗಳು, ಮೂಳೆಯ ವಯಸ್ಸು ತಿಳಿಯಲು ಎಡಗೈಯ ಎಕ್ಸ್‌ರೇ. ಆಮೇಲೆ ಒಂದು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕೂರಿಸಿ, ಕೈಗೆ ಸೂಜಿ ಹಾಕಿಟ್ಟು, ಕ್ಲೋನಿಡಿನ್ ಮಾತ್ರೆ ಕೊಟ್ಟು, ಎರಡು ಗಂಟೆ ಕಾಲ ಅರ್ಧರ್ಧ ಗಂಟೆಗೆ ರಕ್ತ ತೆಗೆದರು. ಮಾತ್ರೆಯ ಮಂಪರಿಗೆ ಮಗು ನನ್ನ ತೊಡೆಯ ಮೇಲೇ ಮಲಗಿತು. "ಒಂದು ಸಲ ತೆಗೆದರೆ ಸಾಲದೇ ಡಾಕ್ಟ್ರೇ?" ಎಂದೆ. "ಈ ಹಾರ್ಮೋನು ದಿನವಿಡೀ ಒಂದೇ ಸಮ ಇರೋದಿಲ್ಲಮ್ಮ. ಗಾಢನಿದ್ದೆಯಲ್ಲಿ ಉಕ್ಕುತ್ತೆ, ಹಗಲು ಹೆಚ್ಚುಹೊತ್ತು ಇಲ್ಲವೇನೋ ಅನ್ನೋ ಹಾಗಿರುತ್ತೆ. ಕೆಣಕಿಯೇ ನೋಡಬೇಕು" ಎಂದರು.

ಹೀಗೆ ಕೆಣಕಿ ನೋಡುವ ವಿದ್ಯೆಯ ಹಿಂದೆ ಒಬ್ಬ ಹೆಣ್ಣುಮಗಳಿದ್ದಾಳೆ ಎಂದು ನನಗೆ ಗೊತ್ತಾದದ್ದು ಆಮೇಲೆ.

1958ರಲ್ಲಿ ಬಾಸ್ಟನ್ನಿನ ವೈದ್ಯ ಮಾರಿಸ್ ರೇಬನ್, ಸತ್ತವರ ಪಿಟ್ಯುಟರಿ ಗ್ರಂಥಿಯಿಂದ ತೆಗೆದ ಹಾರ್ಮೋನು ಕೊಟ್ಟು 17 ವರ್ಷದ ಹುಡುಗನೊಬ್ಬ ಬೆಳೆದದ್ದನ್ನು ವರದಿ ಮಾಡಿದರು. ಮದ್ದೇನೋ ಸಿಕ್ಕಿತು, ಆದರೆ ಯಾರಿಗೆ ಕೊಡಬೇಕು? ರಕ್ತದಲ್ಲಿ ಗ್ರಾಮಿನ ಶತಕೋಟಿಯ ಲೆಕ್ಕದಲ್ಲಿರುವ ವಸ್ತುವನ್ನು ಅಳೆಯುವ ತಕ್ಕಡಿ ಎಲ್ಲಿತ್ತು?

ಆ ತಕ್ಕಡಿ ಮಾಡಿದವರು ನ್ಯೂಯಾರ್ಕಿನ ರೋಸಲಿನ್ ಯಾಲೋ. ಹೆಣ್ಣಿಗೆ ಭೌತಶಾಸ್ತ್ರದಲ್ಲಿ ಜಾಗ ಸಿಗುವುದು ಕಷ್ಟವೆಂದು ಶೀಘ್ರಲಿಪಿ ಕಲಿಯಲು ಹೊರಟಿದ್ದ ಆಕೆ, 1941ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಿಂದ ಕರೆ ಬಂದಾಗ ಆ ಪುಸ್ತಕಗಳನ್ನು ಹರಿದುಹಾಕಿದರಂತೆ. ಬ್ರಾಂಕ್ಸಿನ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಅವರ ಮೊದಲ ಪ್ರಯೋಗಾಲಯ, ಕಸಗುಡಿಸುವವರ ಸಾಮಾನು ಇಡುವ ಕೋಣೆ. ಅಲ್ಲಿ ಸಾಲಮನ್ ಬರ್ಸನ್ ಜೊತೆ ಸೇರಿ, ವಿಕಿರಣದ ಗುರುತು ಹಚ್ಚಿ ಹಾರ್ಮೋನು ಅಳೆಯುವ ವಿಧಾನ ಕಂಡುಹಿಡಿದರು. ಮೊದಲು ಇನ್ಸುಲಿನ್, 1963ರಲ್ಲಿ ಬೆಳವಣಿಗೆಯ ಹಾರ್ಮೋನು. ಇನ್ಸುಲಿನ್ ಕೊಟ್ಟು ರಕ್ತದ ಸಕ್ಕರೆ ಇಳಿಸಿದರೆ ಈ ಹಾರ್ಮೋನು ಜಿಗಿಯುತ್ತದೆಂದು ಅವರ ತಂಡ ತೋರಿಸಿದ್ದೂ ಅದೇ ವರ್ಷ. ಸಕ್ಕರೆ ತೀರ ಇಳಿದರೆ ಮಗುವಿಗೆ ಅಪಾಯ. ಪಕ್ಕದಲ್ಲೇ ಕಾದು ಕೂತು ಮಾಡಬೇಕಾದ ಪರೀಕ್ಷೆ ಅದು. ಕ್ಲೋನಿಡಿನ್ ಮುಂತಾದವು ಆಮೇಲೆ ಬಂದವು. ಯಾಲೋ ತಮ್ಮ ವಿಧಾನಕ್ಕೆ ಪೇಟೆಂಟ್ ತೆಗೆದುಕೊಳ್ಳಲಿಲ್ಲ. 1972ರಲ್ಲಿ ಬರ್ಸನ್ ತೀರಿಕೊಂಡರು. 1977ರ ನೊಬೆಲ್ ಬಹುಮಾನ ಬಂದಾಗ ಯಾಲೋ ಒಬ್ಬರೇ ಉಳಿದಿದ್ದರು.

ಅಳೆಯುವುದು ಬಂತು, ಗೆರೆ ಎಲ್ಲಿ ಎಳೆಯಬೇಕು? ಹಾರ್ಮೋನು ಹೆಣಗಳಿಂದ ಮಾತ್ರ ಸಿಗುತ್ತಿದ್ದಾಗ, ತೀರ ಕಡಿಮೆಯಿದ್ದ ಮಕ್ಕಳಿಗಷ್ಟೇ ಕೊಡುತ್ತಿದ್ದರು. 1985ರಲ್ಲಿ, ಹಾಗೆ ಪಡೆದ ಹಾರ್ಮೋನಿನಿಂದ ಕೆಲವರಿಗೆ ಮೆದುಳಿನ ಮಾರಕ ಕಾಯಿಲೆ ತಗಲಿತೆಂದು ಅಮೆರಿಕದಲ್ಲಿ ಅದನ್ನು ನಿಲ್ಲಿಸಿದರು. ಅದೇ ವರ್ಷ ಕಾರ್ಖಾನೆಯಲ್ಲಿ ತಯಾರಾದ ಹಾರ್ಮೋನು ಬಂತು. ಮದ್ದು ಧಾರಾಳವಾದಂತೆ 'ಕೊರತೆ'ಯ ಗೆರೆಯೂ ಮೇಲೇರಿ, ಮಿಲಿಲೀಟರಿಗೆ 10 ನ್ಯಾನೋಗ್ರಾಮಿನವರೆಗೆ ಹೋಯಿತು. ಆರೋಗ್ಯವಂತ ಮಕ್ಕಳೂ ಒಮ್ಮೊಮ್ಮೆ ಈ ಪರೀಕ್ಷೆಯಲ್ಲಿ ಸೋಲುವುದರಿಂದ ಎರಡು ಬಗೆಯಲ್ಲಿ ನೋಡುವ ಪದ್ಧತಿ ಬಂತು. ಅಮೆರಿಕದಲ್ಲೂ ಈ ಚಿಕಿತ್ಸೆ ಹುಡುಗಿಯರಿಗಿಂತ ಹುಡುಗರಿಗೇ ಹೆಚ್ಚು ಸಿಕ್ಕಿತು ಎಂದು ಓದಿದಾಗ ನನಗೆ ಅಮ್ಮನ ಮಾತು ನೆನಪಾಯಿತು.

ನಮ್ಮ ಹುಡುಗಿಗೆ ಎರಡು ಪರೀಕ್ಷೆಯಲ್ಲೂ ಹಾರ್ಮೋನು ತೀರ ಕಡಿಮೆ ಬಂತು. ವರ್ಷಗಟ್ಟಲೆ ದಿನಾ ರಾತ್ರಿ ಚುಚ್ಚುಮದ್ದು. ಖರ್ಚು ಕೇಳಿ ತಂಗಿ, ಭಾವ ಇಬ್ಬರೂ ಸುಮ್ಮನಾದರು. ಅಂದು ಸಂಜೆ ಅಮ್ಮ ತಮ್ಮ ಎರಡು ಚಿನ್ನದ ಬಳೆ ಬಿಚ್ಚಿ ತಂಗಿಯ ಮುಂದಿಟ್ಟರು. ಗಂಡಿನ ಮಾತು ಮತ್ತೆ ಎತ್ತಲಿಲ್ಲ.

ಮರುವರ್ಷದ ಯುಗಾದಿಗೆ ಪೆನ್ಸಿಲು ಹಿಡಿದವರು ಅವರೇ. ಹೊಸ ಗೆರೆ ಹಳೆಯದಕ್ಕಿಂತ ನಾಲ್ಕು ಬೆರಳು ಮೇಲಿತ್ತು.